ಒಂದು ಗುಂಡು, ಎರಡು ಕಣ್ಣು: ಗೇಮ್ ಜೀವಿಗಳಿಗೆ ಸ್ವಭಾವ ಬರುವುದು ಹೇಗೆ?

ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಎರಡು ಬಣ್ಣದ ಆಮೆಗಳಿವೆ. ಒಂದರ ಚಿಪ್ಪು ಹಸಿರು, ಇನ್ನೊಂದರದ್ದು ಕೆಂಪು. ಆಕಾರ ಒಂದೇ, ಹೆಜ್ಜೆ ಹಾಕುವ ರೀತಿಯೂ ಒಂದೇ. ಹಸಿರು ಆಮೆ ಕಟ್ಟೆಯ ಅಂಚಿಗೆ ಬಂದರೂ ನಿಲ್ಲುವುದಿಲ್ಲ. ನಡೆದುಕೊಂಡೇ ಹೋಗಿ ಕೆಳಗೆ ಬೀಳುತ್ತದೆ. ಕೆಂಪು ಆಮೆ ಅಂಚಿಗೆ ಬಂದು ತಿರುಗುತ್ತದೆ, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಕೋಡ್‌ನಲ್ಲಿ ಇದು ಒಂದು ಪುಟ್ಟ ಷರತ್ತು. ಮುಂದೆ ನೆಲ ಇಲ್ಲವಾ, ಹಾಗಾದರೆ ತಿರುಗು.

ಆದರೆ ಸ್ವಲ್ಪ ಹೊತ್ತು ಆಡಿದ ಮೇಲೆ ನಮಗೆ ಕಾಣುವುದು ಷರತ್ತು ಅಲ್ಲ. ಹಸಿರಿನದ್ದು ಹಿಂದೆಮುಂದೆ ನೋಡದ ಪೆದ್ದು, ಕೆಂಪಿನದ್ದು ಹುಷಾರು ಅಂತ ಅನಿಸಲು ಶುರುವಾಗುತ್ತದೆ. ಯಾರೂ ಅವಕ್ಕೆ ಮಾತು ಕೊಟ್ಟಿಲ್ಲ, ಬೇರೆ ಬೇರೆ ಮುಖಭಾವ ಬರೆದಿಲ್ಲ. 1985ರ ಆ ಇಡೀ ಆಟ 40 ಕಿಲೋಬೈಟ್‌ನಲ್ಲಿ ಹಿಡಿಯಬೇಕಿತ್ತು. ಬರೆಯಲು ಜಾಗವೇ ಇರಲಿಲ್ಲ. ಅದೇ ಆಟದಲ್ಲಿ ಹುಬ್ಬು ಗಂಟಿಕ್ಕಿಕೊಂಡು ಬರುವ ಗೂಂಬಾ ಎಂಬ ಅಣಬೆಯಂಥ ಜೀವಿ ಇದೆಯಲ್ಲ, ಅದು ನಡೆಯುವುದಕ್ಕೆ ಎರಡು ಚಿತ್ರ ಕೂಡ ಇಲ್ಲ. ಒಂದೇ ಚಿತ್ರವನ್ನು ಎಡಬಲ ಮಗುಚಿ ಮಗುಚಿ ತೋರಿಸುತ್ತಾರೆ. ಅದರಿಂದ ಬರುವ ಆ ತಟಪಟ ನಡಿಗೆಯಲ್ಲೇ ಅದರ ಮೊಂಡುತನ ಇದೆ.

ನನಗೆ ಇದು ಗೇಮ್ ಡಿಸೈನ್‌ನ ಅತ್ಯಂತ ಸುಂದರವಾದ ಭಾಗ. ಒಂದು ಜೀವಿಗೆ ಏನು ಬೇಕು, ಏನು ಬೇಡ, ಯಾವುದಕ್ಕೆ ಹೆದರಿಕೆ ಎಂಬುದು ಅದರ ಚಲನೆಯಲ್ಲಿ ಕಂಡ ಕೂಡಲೇ ನಮ್ಮ ಮನಸ್ಸು ಅದಕ್ಕೆ ಒಂದು ಸ್ವಭಾವ ಕಟ್ಟಿಬಿಡುತ್ತದೆ. ಕಣ್ಣಿಗೆ ಕಾಣುವ ಚಿತ್ರ ಎಷ್ಟು ಸರಳವಾಗಿದ್ದರೂ ಪರವಾಗಿಲ್ಲ. ಇದು ಯಾಕೆ ಹೀಗೆ, ಹೇಗೆ ಮಾಡುತ್ತಾರೆ ಅಂತ ನೋಡೋಣ.

ತ್ರಿಕೋನಕ್ಕೂ ಸಿಟ್ಟು ಬರುತ್ತದೆ

1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮೆಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಆನಿಮೇಶನ್ ಮಾಡಿದರು. ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಗುಂಡು. ಬಾಗಿಲಿನಂತೆ ತೆರೆದು ಮುಚ್ಚುವ ಭಾಗ ಇರುವ ಒಂದು ಚೌಕಟ್ಟು. ಈ ಮೂರು ಆಕಾರಗಳು ಅದರ ಒಳಗೆ ಹೊರಗೆ ಓಡಾಡುತ್ತವೆ, ಒಂದನ್ನೊಂದು ಮುಟ್ಟುತ್ತವೆ, ದೂರ ಸರಿಯುತ್ತವೆ. ಮೊದಲ ಗುಂಪಿನ 34 ಜನರಿಗೆ ಇದನ್ನು ತೋರಿಸಿ, ನೋಡಿದ್ದನ್ನು ಬರೆಯಿರಿ ಅಂದರು. ಅದನ್ನು ಬರೀ ಆಕಾರಗಳ ಓಡಾಟ ಎಂದು ಬರೆದದ್ದು ಒಬ್ಬರೇ. ಉಳಿದವರೆಲ್ಲ ಅಲ್ಲಿ ಜೀವಿಗಳನ್ನು ಕಂಡರು. ಬಹುತೇಕರಿಗೆ ಅವು ಮನುಷ್ಯರಾಗಿಯೇ ಕಂಡವು. ಜಗಳ ಕಂಡಿತು, ಬೆನ್ನಟ್ಟುವುದು ಕಂಡಿತು, ತಪ್ಪಿಸಿಕೊಳ್ಳುವುದು ಕಂಡಿತು.

ನಾವು ಹುಟ್ಟಿನಿಂದಲೇ ಚಲನೆಯನ್ನು ಓದುವವರು. ಅಲ್ಲಿ ಅಲ್ಲಾಡಿದ್ದು ಗಾಳಿಯಾ, ಪ್ರಾಣಿಯಾ? ಪ್ರಾಣಿಯಾದರೆ ಅದರ ಗಮನ ನನ್ನ ಮೇಲಿದೆಯಾ? ಇದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಅಂದಾಜು ಮಾಡುವ ಶಕ್ತಿ ನಮ್ಮಲ್ಲಿದೆ. ಗೇಮ್ ಮಾಡುವವರು ಆ ಶಕ್ತಿಗೆ ಸರಿಯಾದ ಸುಳಿವು ಕೊಟ್ಟರೆ ಸಾಕು. ಉಳಿದ ಕಥೆಯನ್ನು ಆಡುವವರೇ ಬರೆದುಕೊಳ್ಳುತ್ತಾರೆ.

ಒಂದು ಗುಂಡಿಗೆ ಜೀವ ಕೊಡೋಣ

ಮಾತಿನಲ್ಲಿ ಹೇಳುವುದಕ್ಕಿಂತ ಒಂದನ್ನು ಮಾಡಿಯೇ ನೋಡುವುದು ವಾಸಿ. ಖಾಲಿ ಪರದೆಯ ಮೇಲೆ ಒಂದು ಬೂದು ಬಣ್ಣದ ಗುಂಡು ಇದೆ ಅಂದುಕೊಳ್ಳಿ. ಅದಕ್ಕೆ ಎರಡು ಚುಕ್ಕೆ ಕಣ್ಣು. ಬಾಯಿ ಇಲ್ಲ, ಕೈಕಾಲಿಲ್ಲ. ನೀವು ಪರದೆಯ ಇನ್ನೊಂದು ಮೂಲೆಯಲ್ಲಿ ಒಂದು ಹಳದಿ ಚುಕ್ಕೆ ಇಡುತ್ತೀರಿ. ಅದು ಗುಂಡಿನ ಊಟ.

ಮೊದಲು ಗುಂಡು ಒಂದೇ ವೇಗದಲ್ಲಿ ನೇರವಾಗಿ ಹೋಗಿ ಹಳದಿ ಚುಕ್ಕೆಯ ಹತ್ತಿರ ತಟ್ಟನೆ ನಿಲ್ಲಲಿ. ನೋಡಿದರೆ ಯಾರೋ ತಳ್ಳಿದ ಪೆಟ್ಟಿಗೆ ಅನಿಸುತ್ತದೆ. ಕಣ್ಣು ಇದ್ದರೂ ಜೀವ ಇಲ್ಲ.

ಈಗ ನಿಲ್ಲುವ ರೀತಿ ಬದಲಾಯಿಸೋಣ. ಪ್ರತಿ ಫ್ರೇಮ್‌ನಲ್ಲಿ, ಅಂದರೆ ಪರದೆಯ ಚಿತ್ರ ಬದಲಾಗುವ ಪ್ರತಿ ಸಲ, ಉಳಿದಿರುವ ದೂರದ ಹತ್ತನೇ ಒಂದು ಭಾಗ ಮಾತ್ರ ಚಲಿಸು ಅಂತ ಹೇಳೋಣ. ದೂರ 100 ಪಿಕ್ಸೆಲ್ ಇದ್ದರೆ ಮೊದಲ ಫ್ರೇಮ್‌ಗೆ 10, ಆಮೇಲೆ 9, ಆಮೇಲೆ 8.1. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಇದು ಸೆಕೆಂಡಿನ ಮೂರನೇ ಒಂದು ಭಾಗ ಕಳೆಯುವಷ್ಟರಲ್ಲಿ ದಾರಿಯ ನೂರರಲ್ಲಿ ಸುಮಾರು 88 ಪಾಲು ಮುಗಿಸಿರುತ್ತದೆ, ಉಳಿದ 12 ಪಾಲನ್ನು ಮೆಲ್ಲಗೆ ಸವೆಸುತ್ತದೆ. ಒಂದೇ ಸಾಲಿನ ಕೋಡ್. ಚಲನೆ ಮೃದುವಾಯಿತು, ನೋಡಲು ಹಿತವಾಯಿತು. ಆದರೂ ಇದಿನ್ನೂ ಜೀವಿ ಅಲ್ಲ. ಚೆನ್ನಾಗಿ ಜಾರುವ ಪೆಟ್ಟಿಗೆ ಅಷ್ಟೇ. ತುಂಬಾ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಅದೇ ನನಗೆ ಬೇಸರ. ಯಾಕೆಂದರೆ ಒಂದೇ ಹೆಜ್ಜೆ ಮುಂದೆ ಎಲ್ಲ ಬದಲಾಗುತ್ತದೆ.

ಹಳದಿ ಚುಕ್ಕೆ ಬಂದ ತಕ್ಷಣ ಗುಂಡು ಹೊರಡಬಾರದು. ಮೊದಲು ಎರಡು ಕಣ್ಣುಗಳು ಮಾತ್ರ ಆ ಕಡೆ ಸರಿಯಲಿ. ಮೂರು ಫ್ರೇಮ್ ಸಾಕು. ಆಮೇಲೆ 12 ಫ್ರೇಮ್ ಏನೂ ಆಗಬಾರದು. ಆಮೇಲೆ 8 ಫ್ರೇಮ್ ಗುಂಡು ಕೆಳಕ್ಕೆ ಸ್ವಲ್ಪ ಕುಗ್ಗಲಿ. ಆಮೇಲೆ ಹೊರಡಲಿ.

ಆ 12 ಫ್ರೇಮ್ ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲೇ ಗುಂಡು ‘ಯೋಚನೆ’ ಮಾಡಿತು. ಕಂಡಿತು, ಬೇಕು ಅನಿಸಿತು, ಹೊರಟಿತು. ಮೂರು ಘಟನೆ ಬೇರೆ ಬೇರೆಯಾಗಿ ಕಂಡಾಗ ನಡುವೆ ಒಂದು ಮನಸ್ಸಿದೆ ಅಂತ ನಾವು ನಂಬುತ್ತೇವೆ. ನೋಡುವುದಕ್ಕೂ ಮಾಡುವುದಕ್ಕೂ ನಡುವಿನ ಈ ಪುಟ್ಟ ಬಿಡುವೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಗುಟ್ಟು.

ಕುಗ್ಗುವಾಗ ಒಂದು ಎಚ್ಚರ ಬೇಕು. ಎತ್ತರ 0.8 ಪಾಲಿಗೆ ಇಳಿದರೆ ಅಗಲ 1.25 ಪಾಲಿಗೆ ಹಿಗ್ಗಬೇಕು. ಎರಡನ್ನೂ ಗುಣಿಸಿದರೆ ಮತ್ತೆ 1 ಬರುತ್ತದೆ. ಬರೀ ಎತ್ತರ ಇಳಿಸಿದರೆ ಗುಂಡು ಸಣ್ಣದಾದಂತೆ ಕಾಣುತ್ತದೆ. ಅಗಲವೂ ಹಿಗ್ಗಿದರೆ ಮೈಯಲ್ಲಿ ಮಾಂಸ ಇದೆ, ತೂಕ ಇದೆ ಅನಿಸುತ್ತದೆ. ಕೈಯಿಂದ ಬರೆಯುವ ಆನಿಮೇಶನ್ ಕಾಲದಿಂದ ಬಂದ ಪಾಠ ಇದು, ಇವತ್ತಿಗೂ ಒಂಚೂರು ಹಳೆಯದಾಗಿಲ್ಲ.

ಇನ್ನು ಸ್ವಭಾವ. ಚಿತ್ರ ಮುಟ್ಟುವುದು ಬೇಡ, ಅಂಕಿಗಳನ್ನು ಮಾತ್ರ ಬದಲಾಯಿಸೋಣ.

ಬಿಡುವನ್ನು 12 ಫ್ರೇಮ್‌ನಿಂದ 40ಕ್ಕೆ ಏರಿಸಿ. ಗುಂಡು ಹಿಂಜರಿಯುತ್ತದೆ. ಆ 40 ಫ್ರೇಮ್ ಒಳಗೆ ಕಣ್ಣು ಒಮ್ಮೆ ಕರ್ಸರ್ ಕಡೆ, ಅಂದರೆ ನಿಮ್ಮ ಕಡೆ, ಹೊರಳಿ ಮತ್ತೆ ಊಟದ ಕಡೆ ಹೋಗಲಿ. ಈಗ ಅದು ನಿಮ್ಮ ಮೇಲೆ ಅನುಮಾನ ಪಡುತ್ತಿದೆ. ಹೊರಟ ಮೇಲೂ ಒಂದೇ ಸಲ ಹೋಗದೆ 30 ಪಿಕ್ಸೆಲ್ ಹೋಗಿ ನಿಲ್ಲಲಿ, ನೋಡಲಿ, 20 ಹೋಗಲಿ, ನಿಲ್ಲಲಿ, 10 ಹೋಗಲಿ. ನೀವು ಕರ್ಸರ್ ಅಲ್ಲಾಡಿಸಿದರೆ ಹಿಂದಕ್ಕೆ ಓಡಲಿ. ಬರುವ ವೇಗ ಫ್ರೇಮ್‌ಗೆ 1 ಪಿಕ್ಸೆಲ್, ಓಡುವ ವೇಗ 6 ಪಿಕ್ಸೆಲ್. ಬರುವಾಗ ನಿಧಾನ, ಹೋಗುವಾಗ ದಡಬಡ. ಪುಕ್ಕಲುತನವನ್ನು ತೋರಿಸಲು ಈ ಎರಡು ಅಂಕಿಗಳ ಅಂತರಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಈಗ ಬಿಡುವನ್ನು 2 ಫ್ರೇಮ್‌ಗೆ ಇಳಿಸಿ. ಕಣ್ಣು, ಮೈ ಎರಡೂ ಒಟ್ಟಿಗೆ ಹೊರಡಲಿ. ವೇಗ ಜಾಸ್ತಿಯಾಗಿ ಊಟವನ್ನು ದಾಟಿ ಮುಂದೆ ಹೋಗಿ, ತಿರುಗಿ ಬರಲಿ. ಇದು ಹೊಟ್ಟೆಬಾಕ. ಇನ್ನೊಂದು ಮಾಡಿ. ಕಣ್ಣು ಮಾತ್ರ ಊಟದ ಕಡೆ ಹೊರಳಲಿ, ಮೈ ಅಲ್ಲಾಡದಿರಲಿ. ಊಟ ತೀರಾ ಹತ್ತಿರ ಬಂದರಷ್ಟೇ ಮೆಲ್ಲಗೆ ವಾಲಲಿ. ಇದು ಸೋಮಾರಿ, ಇಲ್ಲವೇ ಜಂಬದ್ದು. ಯಾವುದು ಅಂತ ಆಡುವವರೇ ತೀರ್ಮಾನಿಸುತ್ತಾರೆ.

ಒಂದೇ ಬೂದು ಗುಂಡು ಇಷ್ಟು ಹೊತ್ತಿಗೆ ಮೂರು ಪ್ರಾಣಿಯಾಯಿತು.

ಇಲ್ಲಿ ಆಗುವ ಒಂದು ತಪ್ಪಿನ ಬಗ್ಗೆ ಹೇಳಲೇಬೇಕು. ಜೀವ ಬರಲಿ ಅಂತ ಎಲ್ಲ ಕಡೆ ರ‍್ಯಾಂಡಮ್ ಅಂಕಿ ತುಂಬುವುದು. ಸುಮ್ನೆ ಅಲ್ಲಾಡುವುದು, ಸುಮ್ನೆ ತಿರುಗುವುದು. ಅದರಿಂದ ಬರುವುದು ಚಳಿಜ್ವರದ ನಡುಕ, ಸ್ವಭಾವ ಬರುವುದಿಲ್ಲ. ಕಣ್ಣು ಮಿಟುಕಿಸುವ ಹೊತ್ತನ್ನು 2ರಿಂದ 6 ಸೆಕೆಂಡಿನೊಳಗೆ ಹೇಗಾದರೂ ಬದಲಾಯಿಸಿ, ಅದು ಚೆಂದ. ಆದರೆ ಜೀವಿಯ ಬೇಕುಬೇಡಗಳು ಪದೇ ಪದೇ ಬದಲಾಗಬಾರದು. ‘ಇದು ಈಗ ಹೀಗೇ ಮಾಡುತ್ತದೆ ನೋಡು’ ಅಂತ ಪಕ್ಕದಲ್ಲಿ ಕೂತವರಿಗೆ ಮೊದಲೇ ಹೇಳುವಷ್ಟು ಅದು ನಮಗೆ ಅರ್ಥವಾಗಬೇಕು. ಮನುಷ್ಯರಲ್ಲೂ ಸ್ವಭಾವ ಅಂದರೆ ಅದೇ ಅಲ್ವಾ?

ಒಂದೇ ಮೈ, ನಾಲ್ಕು ಮನಸ್ಸು

ಈ ಪಾಠವನ್ನು ಅತ್ಯಂತ ಚೆನ್ನಾಗಿ ಕಲಿಸುವ ಆಟ ಇವತ್ತಿಗೂ ಪ್ಯಾಕ್‌ಮನ್. 1980ರಲ್ಲಿ ನಾಮ್ಕೋ ಕಂಪನಿಯಲ್ಲಿ ತೋರು ಇವಾತಾನಿ ಇದನ್ನು ರೂಪಿಸಿದರು. ಚೌಕ ಚೌಕವಾಗಿ ಹಂಚಿದ ಹಾದಿಗಳಲ್ಲಿ ನಾಲ್ಕು ದೆವ್ವಗಳು ನಾಯಕ ಪ್ಯಾಕ್‌ಮನ್‌ನ ಬೆನ್ನು ಬೀಳುತ್ತವೆ. ನಾಲ್ಕಕ್ಕೂ ಅಚ್ಚು ಒಂದೇ, ಬಣ್ಣ ಮಾತ್ರ ಬೇರೆ. ನಾಲ್ಕೂ ಒಂದೇ ರೀತಿ ಬೆನ್ನಟ್ಟಿದ್ದರೆ ಸಾಲಾಗಿ ಹಿಂದೆ ಬರುತ್ತಿದ್ದವು, ಆಟ ಬೇಗ ಸಪ್ಪೆಯಾಗುತ್ತಿತ್ತು. ಹಾಗಾಗಿ ಒಂದೊಂದಕ್ಕೆ ಒಂದೊಂದು ಗುರಿ ಕೊಟ್ಟರು.

ಕೆಂಪು ಬ್ಲಿಂಕಿ, ಪ್ಯಾಕ್‌ಮನ್ ಈಗ ಇರುವ ಚೌಕಕ್ಕೇ ಗುರಿ ಇಡುತ್ತದೆ. ನೇರ ಬೆನ್ನಟ್ಟುವುದು ಅದರ ಕೆಲಸ. ಗುಲಾಬಿ ಪಿಂಕಿ, ಪ್ಯಾಕ್‌ಮನ್ ಮುಖ ಮಾಡಿದ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದಿನ ಜಾಗಕ್ಕೆ ಹೋಗುತ್ತದೆ. ಅಂದರೆ ಹೊಂಚು ಹಾಕುತ್ತದೆ. ನೀಲಿ ಇಂಕಿಯ ಲೆಕ್ಕ ಸ್ವಲ್ಪ ತೊಡಕಿನದ್ದು. ಅದು ಪ್ಯಾಕ್‌ಮನ್ ಎಲ್ಲಿದೆ ಎಂಬುದರ ಜೊತೆಗೆ ಬ್ಲಿಂಕಿ ಎಲ್ಲಿದೆ ಎಂಬುದನ್ನೂ ನೋಡಿ ಗುರಿ ಇಡುತ್ತದೆ. ಆದ್ದರಿಂದ ಒಮ್ಮೆ ಹತ್ತಿರ ಬರುತ್ತದೆ, ಒಮ್ಮೆ ಎಲ್ಲೋ ಹೋಗುತ್ತದೆ. ಕಿತ್ತಳೆ ಬಣ್ಣದ ಕ್ಲೈಡ್ ನನಗೆ ತುಂಬಾ ಇಷ್ಟ. ಪ್ಯಾಕ್‌ಮನ್ ಎಂಟು ಚೌಕಕ್ಕಿಂತ ದೂರ ಇದ್ದರೆ ಧೈರ್ಯವಾಗಿ ನುಗ್ಗಿ ಬರುತ್ತದೆ. ಅದಕ್ಕಿಂತ ಹತ್ತಿರ ಬಂದ ಕೂಡಲೇ ತನ್ನ ಮೂಲೆಯ ಕಡೆ ತಿರುಗಿಬಿಡುತ್ತದೆ.

ಜಪಾನಿ ಭಾಷೆಯಲ್ಲಿ ಇವುಗಳ ಸ್ವಭಾವಕ್ಕೆ ಕೊಟ್ಟ ಹೆಸರುಗಳೂ ಹಾಗೇ ಇವೆ. ಬೆನ್ನಟ್ಟುವವ, ಹೊಂಚು ಹಾಕುವವ, ಚಂಚಲ, ಏನೂ ಗೊತ್ತಿಲ್ಲದಂತೆ ನಟಿಸುವವ. ಗಮನಿಸಿ, ನಾಲ್ಕು ದೆವ್ವಗಳ ನಡುವಿನ ವ್ಯತ್ಯಾಸ ಒಂದೇ ಪ್ರಶ್ನೆಯಲ್ಲಿದೆ. ‘ಈಗ ಯಾವ ಚೌಕಕ್ಕೆ ಹೋಗಲಿ?’ ಅದಕ್ಕೆ ನಾಲ್ಕು ಉತ್ತರ ಬಂದವು, ನಾಲ್ಕು ಮನಸ್ಸು ಹುಟ್ಟಿದವು.

ಆ ಆಟದ ಇನ್ನೊಂದು ವಿಷಯ ನನಗೆ ಪ್ರತಿ ಸಲ ಖುಷಿ ಕೊಡುತ್ತದೆ. ಪ್ಯಾಕ್‌ಮನ್ ಒಂದು ದೆವ್ವವನ್ನು ತಿಂದಾಗ ಅದರ ಮೈ ಮಾಯವಾಗುತ್ತದೆ, ಎರಡು ಕಣ್ಣು ಮಾತ್ರ ಉಳಿಯುತ್ತವೆ. ಆ ಕಣ್ಣುಗಳು ಹೋಗುವ ದಿಕ್ಕಿಗೆ ಹೊರಳುತ್ತಾ ಮನೆಯ ಕಡೆ ಓಡುತ್ತವೆ. ಮೈ ಇಲ್ಲದಿದ್ದರೂ ಅದು ಅದೇ ಜೀವಿ ಅಂತ ಯಾರಿಗೂ ಅನುಮಾನ ಬರುವುದಿಲ್ಲ. ನೋಟ ಇದ್ದರೆ ಸಾಕು.

ನೋಟವನ್ನೇ ನಿಯಮ ಮಾಡಿದ ಜೀವಿಯೂ ಇದೆ. 1988ರ ಸೂಪರ್ ಮಾರಿಯೋ ಬ್ರದರ್ಸ್ 3ರಲ್ಲಿ ಬರುವ ಬೂ ಎಂಬ ಬಿಳಿ ದೆವ್ವ. ನೀವು ಬೆನ್ನು ತಿರುಗಿಸಿದರೆ ಹಿಂದೆ ಬರುತ್ತದೆ. ತಿರುಗಿ ನೋಡಿದರೆ ಮುಖ ಮುಚ್ಚಿಕೊಂಡು ಗಾಳಿಯಲ್ಲೇ ನಿಂತುಬಿಡುತ್ತದೆ. ಒಂದು ನಿಯಮ, ಎರಡು ಚಿತ್ರ, ಅಷ್ಟರಲ್ಲೇ ನಾಚಿಕೆ.

ಚಿತ್ರ ಯಾಕೆ ಸರಳವಾಗಿರಬೇಕು?

ಸರಳ ಚಿತ್ರ ಅಂದರೆ ಕಡಿಮೆ ಕೆಲಸ ಅಂತ ಅನಿಸಬಹುದು. ಹಾಗಲ್ಲ. ಒಂದು ಮುಖದಲ್ಲಿ ಚರ್ಮದ ಗೆರೆ, ರೆಪ್ಪೆಯ ಕೂದಲು, ತುಟಿಯ ತೇವ ಎಲ್ಲ ಇದ್ದರೆ, ಆ ಮುಖ ಅಷ್ಟೇ ಸೂಕ್ಷ್ಮವಾಗಿ ಅಲ್ಲಾಡಬೇಕು ಅಂತ ನಮ್ಮ ಕಣ್ಣು ಕಾಯುತ್ತದೆ. ಸ್ವಲ್ಪ ತಪ್ಪಿದರೂ ಮೈ ಜುಮ್ಮೆನ್ನುವಂಥ ಕಸಿವಿಸಿ. ರೋಬೋಟ್‌ಗಳ ವಿಚಾರದಲ್ಲಿ ಇದನ್ನು ಜಪಾನಿನ ಮಸಾಹಿರೋ ಮೋರಿ 1970ರಲ್ಲೇ ಬರೆದಿದ್ದರು. ಮನುಷ್ಯನಿಗೆ ಹತ್ತಿರ ಹತ್ತಿರ ಹೋದಂತೆ ನಮ್ಮ ಪ್ರೀತಿ ಏರುತ್ತಾ ಹೋಗಿ, ಇನ್ನೇನು ಮನುಷ್ಯನೇ ಅನ್ನುವ ಹೊತ್ತಿಗೆ ತಟ್ಟನೆ ಕಣಿವೆಗೆ ಬೀಳುತ್ತದೆ. ಎರಡು ಚುಕ್ಕೆ ಕಣ್ಣಿನ ಗುಂಡಿಗೆ ಆ ಭಯವೇ ಇಲ್ಲ. ಅದರಿಂದ ನಾವು ಕೇಳುವುದು ಕಡಿಮೆ, ಹಾಗಾಗಿ ಅದು ಕೊಟ್ಟದ್ದೆಲ್ಲ ಜಾಸ್ತಿ ಅನಿಸುತ್ತದೆ.

1992ರ ಆಟವೊಂದರ ನಾಯಕ ಕಿರ್ಬಿ ಇದಕ್ಕೆ ಒಳ್ಳೆಯ ಉದಾಹರಣೆ. ಮಸಾಹಿರೋ ಸಕುರಾಯ್ ಆಟವನ್ನು ಕಟ್ಟುವಾಗ, ನಿಜವಾದ ನಾಯಕ ಸಿದ್ಧವಾಗುವವರೆಗೆ ಇರಲಿ ಅಂತ ಒಂದು ಸಾದಾ ಗುಂಡನ್ನು ಇಟ್ಟುಕೊಂಡಿದ್ದರು. ಕೆಲಸ ಸಾಗಿದಂತೆ ಆ ಗುಂಡೇ ಇಷ್ಟವಾಗಿ ಅದೇ ನಾಯಕನಾಯಿತು. ಗಾಳಿ ಎಳೆದುಕೊಂಡು ಉಬ್ಬುವುದು, ತೇಲುವುದು, ಉಸಿರು ಬಿಟ್ಟು ಇಳಿಯುವುದು, ಇವೆಲ್ಲ ಗುಂಡಿಗೆ ಎಷ್ಟು ಸಹಜ ನೋಡಿ. ಇನ್ನೂ ಒಂದಷ್ಟು ಅಂಗ ಇದ್ದಿದ್ದರೆ ಇದೆಲ್ಲ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಮೈನ್‌ಕ್ರಾಫ್ಟ್‌ನ ಕ್ರೀಪರ್ ಹುಟ್ಟಿದ್ದೂ ವಿಚಿತ್ರವಾಗಿ. 2009ರಲ್ಲಿ ಮಾರ್ಕಸ್ ಪರ್ಸನ್ ಹಂದಿ ಮಾಡಲು ಹೊರಟಿದ್ದರು. ಉದ್ದ ಮತ್ತು ಎತ್ತರದ ಅಂಕಿಗಳು ಅದಲುಬದಲಾದವು. ಅಡ್ಡ ಇರಬೇಕಾದ ಮೈ ಕಂಬದಂತೆ ನಿಂತಿತು. ಕೈ ಇಲ್ಲ. ಕೈ ಇಲ್ಲದ್ದರಿಂದ ಅದು ಹೊಡೆಯುವ ಹಾಗಿಲ್ಲ, ಎಳೆಯುವ ಹಾಗಿಲ್ಲ. ಸದ್ದಿಲ್ಲದೆ ಹತ್ತಿರ ಬರುತ್ತದೆ, ನಿಲ್ಲುತ್ತದೆ, ಒಂದೂವರೆ ಸೆಕೆಂಡು ‘ಸ್ಸ್’ ಅನ್ನುತ್ತದೆ, ಸಿಡಿಯುತ್ತದೆ. ಅದರ ಭಯಾನಕತೆ ಇರುವುದು ಬರುವಾಗಿನ ಮೌನದಲ್ಲಿ ಮತ್ತು ಆ ಒಂದೂವರೆ ಸೆಕೆಂಡಿನಲ್ಲಿ. ನಮ್ಮ ಗುಂಡಿನ 12 ಫ್ರೇಮ್ ಬಿಡುವೇ ಇಲ್ಲಿ ಹಿಗ್ಗಿ ಹೆದರಿಕೆಯಾಗಿದೆ.

ಆಕಾರದ ಬಗ್ಗೆ ಇನ್ನೊಂದೇ ಮಾತು. ಜೀವಿಯನ್ನು ಪೂರ್ತಿ ಕಪ್ಪು ಬಣ್ಣದಲ್ಲಿ ತುಂಬಿ, ಬರೀ ನೆರಳಿನಲ್ಲಿ ಗುರುತು ಸಿಗುತ್ತದಾ ನೋಡಿ. ಸಿಗದಿದ್ದರೆ ಒಳಗೆ ಎಷ್ಟು ಚಿತ್ತಾರ ಬರೆದರೂ ಓಡುವಾಗ ಅದು ಕಾಣುವುದಿಲ್ಲ.

ಆಡುವವರ ಕೈಯಲ್ಲಿರುವ ಜೀವಿ

ಆಟಕ್ಕೂ ಸಿನಿಮಾಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿ ಬರುತ್ತದೆ. ಸಿನಿಮಾದಲ್ಲಿ ಒಂದು ಪಾತ್ರ ಜಿಗಿಯುವ ಮೊದಲು ಬೇಕಾದಷ್ಟು ಹೊತ್ತು ಮೊಣಕಾಲು ಬಗ್ಗಿಸಿ ಸಿದ್ಧವಾಗಬಹುದು. ಆಟದಲ್ಲಿ ನಾನು ಬಟನ್ ಒತ್ತಿದ್ದೇನೆ. ನನ್ನ ಜೀವಿ 20 ಫ್ರೇಮ್ ಬಗ್ಗಿ ಕೂತರೆ ‘ಇದು ನನ್ನ ಮಾತು ಕೇಳುತ್ತಿಲ್ಲ’ ಅನಿಸುತ್ತದೆ, ಕೋಪ ಬರುತ್ತದೆ.

ಅದಕ್ಕೆ ಅನುಭವಸ್ಥರು ಒಂದು ಹಂಚಿಕೆ ಮಾಡಿಕೊಂಡಿದ್ದಾರೆ. ಶತ್ರು ಜೀವಿಗೆ ಮುನ್ಸೂಚನೆ ಜಾಸ್ತಿ. ಅದು ಕೈ ಹಿಂದಕ್ಕೆ ಎಳೆಯಬೇಕು, ಉಸಿರು ತುಂಬಬೇಕು, ಆಮೇಲೆ ಹೊಡೆಯಬೇಕು. ಆಗಲೇ ನಮಗೆ ತಪ್ಪಿಸಿಕೊಳ್ಳಲು ಹೊತ್ತು ಸಿಗುತ್ತದೆ, ಅದರ ಸ್ವಭಾವವೂ ಕಾಣುತ್ತದೆ. ನಮ್ಮ ಕೈಯಲ್ಲಿರುವ ಜೀವಿಗೆ ಮಾತ್ರ ಮುನ್ಸೂಚನೆ ಬಹುತೇಕ ಇಲ್ಲ. ಬಟನ್ ಒತ್ತಿದ ಕೂಡಲೇ ಹಾರಬೇಕು. ಅದರ ಸ್ವಭಾವವನ್ನೆಲ್ಲ ಕೆಲಸ ಆದ ಮೇಲೆ ತೋರಿಸುತ್ತಾರೆ. ನೆಲಕ್ಕೆ ಬಿದ್ದಾಗ ಮೈ ಚಪ್ಪಟೆಯಾಗುವುದು, ಬಾಲ ನಾಲ್ಕು ಫ್ರೇಮ್ ತಡವಾಗಿ ಬಂದು ಸೇರುವುದು, ಕಿವಿ ಎರಡು ಸಲ ಅಲ್ಲಾಡಿ ನಿಲ್ಲುವುದು. ಮೈ ನಮ್ಮ ಮಾತು ಕೇಳುತ್ತದೆ, ಬಾಲ ಮತ್ತು ಕಿವಿ ತಮ್ಮ ಪಾಡಿಗೆ ತಾವು ಇರುತ್ತವೆ.

ಜೊತೆಗಾರ ಪ್ರಾಣಿಗಳ ವಿಷಯದಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. 2016ರ ದಿ ಲಾಸ್ಟ್ ಗಾರ್ಡಿಯನ್ ಆಟದಲ್ಲಿ ಫುಮಿಟೊ ಉಯೆಡಾ ಅವರ ತಂಡ ಟ್ರಿಕೋ ಎಂಬ ದೈತ್ಯ ಪ್ರಾಣಿಯನ್ನು ಮಾಡಿತು. ಪುಟ್ಟ ಹುಡುಗನೊಬ್ಬ ಅದನ್ನು ಕರೆಯುತ್ತಾನೆ. ಅದು ತಕ್ಷಣ ಬರುವುದಿಲ್ಲ. ತಲೆ ಎತ್ತುತ್ತದೆ, ಬೇರೆ ಎಲ್ಲೋ ನೋಡುತ್ತದೆ, ಮೂಸುತ್ತದೆ, ಆಮೇಲೆ ಬಂದರೂ ಬಂತು. ಇದರಿಂದ ರೋಸಿಹೋದವರು ಕಡಿಮೆ ಏನಿಲ್ಲ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಾನು ಟ್ರಿಕೋ ಪಕ್ಷ. ಕರೆದಾಗಲೆಲ್ಲ ಬರುವುದು ಬಟನ್. ಬರಲೋ ಬೇಡವೋ ಅಂತ ಯೋಚಿಸಿ ಬರುವುದು ಪ್ರಾಣಿ.

ಗುಂಪಿಗೂ ಮನಸ್ಸಿದೆ. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಕಂಪ್ಯೂಟರ್‌ನಲ್ಲಿ ಹಕ್ಕಿಗಳ ಹಿಂಡನ್ನು ಮೂರೇ ನಿಯಮಗಳಲ್ಲಿ ಹಾರಿಸಿ ತೋರಿಸಿದರು. ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಅವರು ಹೋಗುವ ದಿಕ್ಕು ಮತ್ತು ವೇಗಕ್ಕೆ ಹೊಂದಿಕೋ, ಗುಂಪಿನ ನಡುಭಾಗದ ಕಡೆ ವಾಲು. ಮೊದಲ ನಿಯಮದ ಬಲ ಏರಿಸಿದರೆ ಹಿಂಡು ಗಾಬರಿಗೊಂಡಂತೆ ಚದುರುತ್ತದೆ. ಮೂರನೆಯದನ್ನು ಏರಿಸಿದರೆ ಚಳಿಗೆ ಮುದುಡಿದಂತೆ ಒತ್ತಿಕೊಳ್ಳುತ್ತದೆ. ಇಲ್ಲೂ ಬದಲಾದದ್ದು ಅಂಕಿ ಮಾತ್ರ.

ಇಷ್ಟೆಲ್ಲ ಆದ ಮೇಲೆ ನಮ್ಮ ಬೂದು ಗುಂಡಿಗೆ ಇನ್ನೊಂದು ಅಂಕಿ ಸೇರಿಸಬೇಕು ಅಂತ ನನಗೆ ಆಸೆ. ಅದಕ್ಕೆ ‘ನಂಬಿಕೆ’ ಅಂತ ಹೆಸರಿಡೋಣ. ಶುರುವಿನಲ್ಲಿ ಸೊನ್ನೆ. ಪುಕ್ಕಲು ಗುಂಡು ನಿಮ್ಮ ಕರ್ಸರ್ ಪಕ್ಕದಲ್ಲಿ ಇಟ್ಟ ಊಟವನ್ನು ತಿಂದು ಸುರಕ್ಷಿತವಾಗಿ ವಾಪಸ್ ಹೋದಾಗಲೆಲ್ಲ ಅದು ಒಂದೊಂದು ಏರಲಿ. ನೀವು ಕರ್ಸರ್ ಜೋರಾಗಿ ಅಲ್ಲಾಡಿಸಿ ಹೆದರಿಸಿದರೆ ಮೂರು ಇಳಿಯಲಿ. ನಂಬಿಕೆ ಏರಿದಂತೆ ಆ 40 ಫ್ರೇಮ್ ಬಿಡುವು 36, 32 ಅಂತ ಕಡಿಮೆಯಾಗಲಿ. ನಡುನಡುವೆ ನಿಲ್ಲುವುದು ಎರಡು ಸಲದಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಇಳಿಯಲಿ.

ಮೊದಲ ನಾಲ್ಕೈದು ಸಲ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಹತ್ತನೇ ಸಲ ಹಳದಿ ಚುಕ್ಕೆ ಇಡುತ್ತೀರಿ. ಕಣ್ಣು ಊಟದ ಕಡೆ ಹೊರಳುತ್ತದೆ. ನಿಮ್ಮ ಕಡೆ ಹೊರಳುವ ಹೊತ್ತು ಬರುತ್ತದೆ, ಅದು ಹೊರಳುವುದಿಲ್ಲ. ಗುಂಡು ಸುಮ್ನೆ ಬಂದು, ನಿಮ್ಮ ಕರ್ಸರ್‌ಗೆ ಬೆನ್ನು ಹಾಕಿ ತಿನ್ನಲು ಶುರು ಮಾಡುತ್ತದೆ.